ಮೀನಿನ ಪೆಟ್ಟಿಗೆಯಲ್ಲಿ ಗ್ರಾಫೈಟ್

ಅವರ ಬೆರಳ ತುದಿಗಳು ಸಿಲ್ವರ್ ನೈಟ್ರೇಟ್ ತಾಗಿ ಸದಾ ಕಪ್ಪಾಗಿರುತ್ತಿದ್ದವು. ಕುಂದಾಪುರದ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿಗೆ ಅವರು ಅಟೆಂಡರ್, ನಮಗೆಲ್ಲ ‘ಲ್ಯಾಬಣ್ಣ’. ಓದಿದ್ದು ಹತ್ತನೆಯವರೆಗೆ. ಯಾವ ಬಾಟಲಿ ಕೊಡುವಾಗಲೂ ಲೇಬಲನ್ನು ಎರಡು ಸಲ ಗಟ್ಟಿಯಾಗಿ ಓದುವರು. “ಒಂದ್ ನಂಗೆ, ಒಂದ್ ನಿಂಗೆ” ಎನ್ನುವರು.

ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೊಕ್ಕರ್ಣೆಯಿಂದ ತೆಂಗಿನ ಚಿಪ್ಪು, ಅಂದರೆ ನಮ್ಮ ಗೆರಟೆ, ತರಿಸಿಕೊಟ್ಟವರೂ ಅವರೇ. ಗೆರಟೆಯ ಇದ್ದಿಲಿಗೆ ಕಬ್ಬಿಣದ ಲವಣ ಬೆರೆಸಿ, ಗಾಳಿ ತಾಗದಂತೆ ಕುಲುಮೆಯಲ್ಲಿ ಕಾಯಿಸಿದರೆ, ಕಬ್ಬಿಣವೇ ವೇಗವರ್ಧಕವಾಗಿ ಆ ಇದ್ದಿಲನ್ನು ಗ್ರಾಫೈಟ್ ಮಾಡುತ್ತದೆ. ಆಮೇಲೆ ಕಬ್ಬಿಣವನ್ನು ಆಸಿಡ್‌ನಲ್ಲಿ ಕರಗಿಸಿ ತೆಗೆಯಬೇಕು. ಆಗ ಹೈಡ್ರೋಜನ್ ಹೊರಡುತ್ತದೆ. ಕಿಡಿ ತಾಗಿದರೆ ಸಿಡಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಒಂದು ದಿನ ಆ ಪುಡಿ ಹಾಕಿದ ಆಸಿಡ್ ಪಾತ್ರೆ ಬಿಸಿಯಾಯಿತೆಂದು, ಗಂಗೊಳ್ಳಿಯ ನಮ್ಮ ಮನೆಯಿಂದ ತಂದಿದ್ದ ಮೀನಿನ ಪೆಟ್ಟಿಗೆಯಲ್ಲಿ ಐಸ್ ತುಂಬಿ ಅದರೊಳಗಿಟ್ಟೆ. ಐಸ್ ಹಾಕಿದ ಮೇಲೆ ಮುಚ್ಚಳ ಒತ್ತುವುದನ್ನು ಮೀನು ಮಾರುವವರ ಮಗಳಿಗೆ ಯಾರೂ ಕಲಿಸಬೇಕಿಲ್ಲ. ಒತ್ತಿದೆ. ಮೇಲೊಂದು ಇಟ್ಟಿಗೆಯನ್ನೂ ಇಟ್ಟು ಊಟಕ್ಕೆ ಹೋದೆ.

ಮರಳಿ ಬಂದಾಗ ಪ್ರಾಕ್ಟಿಕಲ್‌ಗೆಂದು ಪಿಯುಸಿಯ ಇಪ್ಪತ್ತು ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು. ಪೆಟ್ಟಿಗೆಯ ಸಂದಿಯಿಂದ ಸಣ್ಣ ಸೀಟಿಯಂಥ ಸದ್ದು. ಐಸ್ ಕರಗುತ್ತಿದೆ ಎಂದುಕೊಂಡು ಬರ್ನರ್ ಹಚ್ಚಲು ಬೆಂಕಿಕಡ್ಡಿ ತೆಗೆದೆ.

“ಹ್ವಾಯ್, ಗೀರ್ಬೇಡ! ಫ್ಯಾನಿನ ಸ್ವಿಚ್ಚೂ ಮುಟ್ಬೇಡ!”

ಲ್ಯಾಬಣ್ಣ ನನ್ನ ಮಣಿಕಟ್ಟು ಹಿಡಿದಿದ್ದರು. ಈಗಲೂ ಕನಸಿನಲ್ಲಿ ಎಷ್ಟೋ ಸಲ ಆ ಕೈ ಬರುವುದೇ ಇಲ್ಲ, ನಾನು ಗೀರಿಬಿಡುತ್ತೇನೆ.

ಅವರು ಕಿಟಕಿಗಳನ್ನು ತೆರೆದರು. ಇಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟು ಪೆಟ್ಟಿಗೆಯನ್ನು ಎದೆಗವಚಿಕೊಂಡರು. ಮುಖದಲ್ಲಿ ರಕ್ತವಿರಲಿಲ್ಲ. ಬಾಯಲ್ಲಿ ಮಾತ್ರ ತಮಾಷೆ: “ದಾರಿ ಬಿಡಿ ಮಕ್ಳೆ, ಮೀನ್ ಬಂತ್, ಮೀನ್!” ಹುಡುಗಿಯರು ಮೂಗು ಮುಚ್ಚಿಕೊಂಡು, ನಗುತ್ತ ಸರಿದರು.

ಹಿತ್ತಲ ಬಯಲಲ್ಲಿ ಮುಚ್ಚಳ ತೆಗೆದಾಗ ಆಸಿಡ್ ನೊರೆಯುಕ್ಕಿ ಅವರ ಪಾದದ ಮೇಲೆ ಸುರಿಯಿತು. ನಲ್ಲಿಯಡಿ ಕಾಲು ಹಿಡಿದುಕೊಂಡೇ ನನ್ನನ್ನು ಬೈದರು: “ಮುಚ್ಚಳ ಎಂತಕೆ ಹಾಕಿದ್ದ್ ಹೆಣೆ? ಬಂಗ್ಡಿ ಮೀನಾ ಅದ್, ಹಾಳಾಪುಕೆ?” ಮತ್ತೆ ಯಾರ ಮುಂದೆಯೂ ಆ ಮಾತೆತ್ತಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ಪಾದದ ಕಲೆ ಕೊನೆಯವರೆಗೂ ತುರಿಸುತ್ತಿತ್ತು ಎಂದರು. “ಬಿಸಿನೀರ್ ಬಿದ್ದದ್ದ್ ಅಂದಿದ್ರ್.”

ನಾನು ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ ಅವರು ಕೇಳಿದ್ದು ಒಂದೇ:

“ಹೊತ್ಕಂಡ್ ಹೋಪ ಹೊತ್ತಿಗೆ, ಅದ್ ಸಿಡಿತ್ತ್ ಅಂದೇಳಿ ಅವ್ರಿಗ್ ಗೊತ್ತಿತ್ತಾ?”

ಗೊತ್ತಿತ್ತು ಎಂದೆ.