ನೂರಕ್ಕೆ ನೂರು ಬಂದರೆ ನಂಬದ ಟೀಚರ್

ಬೆಳಗಿನ ಐದೂವರೆ. ಒಲೆಯ ಮೇಲೆ ಹಾಲು ಕಾಯುತ್ತಿದೆ. ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತ ಟೀಚರ್, ಗೀರುಬಿದ್ದ ಹಳೆಯ ಫೋನಿನಲ್ಲಿ ತಾವೇ ರೂಪಿಸಿದ ಭಿನ್ನರಾಶಿಯ ಪಾಠ ನೋಡುತ್ತಿದ್ದಾರೆ. ಆಫೀಸಿನ ದೊಡ್ಡ ಪರದೆಯಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ಆ ಚೆಂದವನ್ನು ಅವರು ನಂಬುವುದಿಲ್ಲ.

"ಮಕ್ಕಳ ಕೈಗೆ ಸಿಗೋದು ದೊಡ್ಡೋರು ಬಳಸಿ ಬಿಟ್ಟ ಫೋನು. ಇದ್ರಲ್ಲಿ ಅಂಶ ಯಾವ್ದು, ಛೇದ ಯಾವ್ದು ಅಂತ ಕಾಣ್ದಿದ್ರೆ ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಪಿಸುಮಾತಿಗೆ ಇಳಿಯಿತು. ನಲವತ್ತೈದು ಮಕ್ಕಳ ತರಗತಿಗೆ ಪಿಸುಮಾತು ಸಾಲದು. ಈಗ ಒಂದು ಸಂಸ್ಥೆಗೆ ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸುತ್ತಾರೆ: ಆರು ನಿಮಿಷದ ಪಾಠ, ಎರಡು ನಿಮಿಷಕ್ಕೊಂದು ಪ್ರಶ್ನೆ. ಬರೆಯುವುದು ಇವರು, ಓದುವ ದನಿ ಬೇರೆಯವರದು. ಪಾಠದ ಕೊನೆಗೆ ಇವರ ಹೆಸರಿಲ್ಲ. ಆಫೀಸಿನಲ್ಲಿ ಒಂದು ಅಡ್ಡಹೆಸರು ಮಾತ್ರ ಇದೆ, 'ಅನುಮಾನದಕ್ಕ'.

ಆ ಹೆಸರು ಬಂದದ್ದು ಕಳೆದ ವರ್ಷ. ಭಿನ್ನರಾಶಿಯ ಪಾಠದಲ್ಲಿ ನೂರಕ್ಕೆ ತೊಂಬತ್ತೆಂಟು ಮಕ್ಕಳು ಪೂರ್ತಿ ಅಂಕ ತೆಗೆದಿದ್ದರು. ಮುಖ್ಯಸ್ಥರು ಎಲ್ಲರಿಗೂ ಸಿಹಿ ಹಂಚಿದರು. ಟೀಚರ್ ಮಾತ್ರ ಮುಟ್ಟಲಿಲ್ಲ.

"ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲನೂ ಆಗ್ದೇ ಇದ್ದಿದ್ದು ಇಲ್ಲಿ ಹೇಗಾಯ್ತು? ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸ್ತು."

ಮಕ್ಕಳ ಮನೆಗಳಿಗೆ ತಾವೇ ಒಂದೊಂದಾಗಿ ಫೋನ್ ಮಾಡತೊಡಗಿದರು. ಮೊದಲ ಹದಿನಾರು ಮಕ್ಕಳು "ಅರ್ಥ ಆಯ್ತು ಮಿಸ್" ಎಂದು ಒಪ್ಪಿಸಿದರು. ಅರ್ಧ ದೊಡ್ಡದೋ ಮೂರನೇ ಒಂದು ಭಾಗ ದೊಡ್ಡದೋ ಎಂದು ಕೇಳಿದರೆ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು. ಹದಿನೇಳನೆಯ ಹುಡುಗಿ ಕಿಸಕ್ಕನೆ ನಕ್ಕಳು.

"ಯಾರಿಗೂ ಹೇಳ್ಬೇಡಿ ಮಿಸ್. ನಾಲ್ಕು ಉತ್ತರದಲ್ಲಿ ಯಾವ್ದು ಉದ್ದ ಇರುತ್ತೋ ಅದನ್ನೇ ಒತ್ತೋದು. ಪಾಠ ನೋಡೋದೇ ಬೇಡ."

ಟೀಚರ್ ಪ್ರಶ್ನೆಗಳನ್ನು ತೆರೆದು ನೋಡಿದರು. ಹುಡುಗಿ ಹೇಳಿದ್ದು ನಿಜ. ಸರಿಯುತ್ತರದಲ್ಲಿ ಗೊಂದಲವಿರಬಾರದೆಂದು ವಿವರಿಸಿ ವಿವರಿಸಿ ಅದನ್ನೇ ಉದ್ದ ಮಾಡಿದವರು ಸ್ವತಃ ಇವರೇ. "ಊರವರ ಮೇಲೆಲ್ಲ ಅನುಮಾನಪಟ್ಟೆ. ಕಳ್ಳಿ ನಾನೇ," ಎಂದು ನಗುತ್ತಾರೆ.

ತಮ್ಮ ಎಲ್ಲ ಪಾಠಗಳ ಇನ್ನೂರ ಹನ್ನೆರಡು ಪ್ರಶ್ನೆಗಳನ್ನು ಹೊಸದಾಗಿ ಬರೆದರು. ಮಕ್ಕಳು ಮಾಡುವ ತಪ್ಪುಗಳನ್ನೇ ಹೆಕ್ಕಿ ಉಳಿದ ಉತ್ತರಗಳನ್ನಾಗಿಸಿದರು. ತಪ್ಪು ಒತ್ತಿದರೆ ಯಾಕೆ ತಪ್ಪೆಂದು ಹೇಳುವ ಚಿತ್ರ ಬರುವಂತೆ ಮಾಡಿದರು. ಭಿನ್ನರಾಶಿಯಲ್ಲಿ ತೊಂಬತ್ತೆಂಟು ಇದ್ದದ್ದು ನಲವತ್ತೊಂದಕ್ಕೆ ಕುಸಿಯಿತು. "ಹಳೇದನ್ನೇ ಹಾಕಿ, ನಮ್ಮ ಮಾನ ಹೋಗುತ್ತೆ," ಎಂದರು ಮುಖ್ಯಸ್ಥರು. "ಹಾಗಾದ್ರೆ ನನ್ನನ್ನ ತೆಗೀರಿ ಸರ್," ಎಂದು ಟೀಚರ್ ಪಿಸುದನಿಯಲ್ಲೇ ಹೇಳಿದರು. ಜಗಳ ಮುಗಿಯದೆ ಒಂದು ವಾರ ಕಳೆಯಿತು. ಅಷ್ಟರಲ್ಲಿ, ಅದುವರೆಗೆ ಒಂದು ಸಂದೇಹವನ್ನೂ ಕೇಳದಿದ್ದ ಮಕ್ಕಳಿಂದ ಮುನ್ನೂರು ಸಂದೇಹಗಳು ಬಂದವು. ಮುಖ್ಯಸ್ಥರು ಅವನ್ನು ಕೂತು ಓದಿದರು. ಹೊಸ ಪ್ರಶ್ನೆಗಳು ಉಳಿದವು. ಈಗ ನೂರಕ್ಕೆ ಅರವತ್ತಾರು ಮಕ್ಕಳು ಪೂರ್ತಿ ಅಂಕ ತೆಗೆಯುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ಟೀಚರ್ ಎದ್ದು ಒಲೆಯಿಂದ ಹಾಲು ಇಳಿಸುತ್ತಾರೆ.

"ಒಂದು ಮಗು ಫೋನ್ ಮುಚ್ಚಿಟ್ಟು, ತನ್ನ ತಮ್ಮಂಗೋ ತಂಗಿಗೋ ಇದನ್ನ ಹೇಳ್ಕೊಡೋದನ್ನ ಬಾಗಿಲ ಹಿಂದೆ ನಿಂತು ಕೇಳ್ಬೇಕು. ಅಷ್ಟೇ." ಮತ್ತೆ ಸೇರಿಸುತ್ತಾರೆ: "ಆಮೇಲೆ ಒಳಗೆ ಹೋಗಿ, ಆ ತಮ್ಮನ್ನ ಒಂದು ಪ್ರಶ್ನೆ ಕೇಳ್ತೀನಿ."