ಹಸುವಿನ ಉಪ್ಪು ನೆಕ್ಕಿದ ಕುರಿಗಳು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ದನಿ ತಗ್ಗಿಸಿ ಗೊತ್ತೇ ಇಲ್ಲ. ಕುಡಿಯಲು ನೀರು ಕೇಳಿದರೂ ಜಗಳಕ್ಕೆ ನಿಂತ ಹಾಗೇ. ಅವರ ಹಸುಗಳ ಜೊತೆ ತನ್ನ ಕುರಿಗಳೂ ಒಂದೇ ಹುಲ್ಲುಗಾವಲಲ್ಲಿ ಮೇಯಲಿ ಎಂದು ಅಕ್ಕ ಅಂದಾಗ ಅವರು ಕೂಗಿದ್ದು ಊರಿಗೆಲ್ಲ ಕೇಳಿತ್ತು. ಅಕ್ಕ ಪಟ್ಟು ಬಿಡಲಿಲ್ಲ. ಹಸು ಮೂಸಿ ಬಿಟ್ಟ ಕಳೆಯನ್ನು ಕುರಿಗಳು ತಿಂದವು. ಎರಡರ ಗೊಬ್ಬರವೂ ಬಿದ್ದು, ಹಾರೆ ಇಳಿಯದ ನೆಲ ಬೆರಳಲ್ಲೇ ಕೆದಕುವಷ್ಟು ಮೆದುವಾಯಿತು. ಭಾವ ಒಪ್ಪಿದರೇ? ಅಯ್ಯೋ, ಎಲ್ಲಿಯ ಮಾತು! "ಒಂದು ಪ್ರಾಣಿ ಸತ್ತರೂ ಮಧ್ಯೆ ಬೇಲಿ ಹಾಕ್ತೀನಿ, ನೋಡ್ತಿರು" ಎಂದರು.

ಮೊನ್ನೆ ಬೆಳಿಗ್ಗೆ ಒಂದು ಕುರಿ ಮೇವಿಗೆ ಬಾಯಿ ಹಾಕದೆ ತಲೆ ತಗ್ಗಿಸಿ ನಿಂತಿತ್ತು. ಕಣ್ಣು ಹಳದಿ, ಉಚ್ಚೆ ಕೆಂಪು. ಪಶುವೈದ್ಯೆ ಬರುವಷ್ಟರಲ್ಲಿ ಕುಸಿದೇ ಬಿಟ್ಟಿತು. ಆಕೆ ಅದರ ಕಣ್ಣರೆಪ್ಪೆ ಎತ್ತಿ ನೋಡಿ, "ಹಸುಗಳ ಉಪ್ಪಿನ ಇಟ್ಟಿಗೆ ನೆಕ್ಕಿದ್ವಾ ಇವು?" ಎಂದರು.

ಅಕ್ಕ ತಿರುಗಿ ಹುಲ್ಲುಗಾವಲಿನ ಕಂಬದ ಕಡೆ ನೋಡಿದಳು. ಭಾವ ಆ ಇಟ್ಟಿಗೆಯನ್ನು ಹಸುಗಳಿಗಷ್ಟೇ ಎಟುಕುವಂತೆ ಅದೇ ಕಂಬಕ್ಕೆ ಎತ್ತರದಲ್ಲಿ ಕಟ್ಟಿದ್ದರು. ಪಾಪ, ಕರುಗಳೂ ನೆಕ್ಕಲಿ ಎಂದು ಕೆಳಗಿಳಿಸಿದವಳು ಅವಳೇ.

"ಅದ್ರಲ್ಲಿ ತಾಮ್ರ ಇರುತ್ತೆ. ಹಸುಗೆ ಬೇಕು, ಕುರಿಗೆ ವಿಷ. ಉಳಿದವುಗಳ ಮೈಯಲ್ಲೂ ಸೇರಿರುತ್ತೆ. ಔಷಧಿ ಕೊಡ್ತೀನಿ. ಆದ್ರೆ ಓಡಿಸಬೇಡಿ, ಹೆದರಿಸಬೇಡಿ. ಗಾಬರಿ ಬಿದ್ರೆ ಅವೂ ಉಳಿಯಲ್ಲ."

ಆ ಕುರಿ ಸತ್ತಿತು. ಉಳಿದವನ್ನು ಹುಲ್ಲುಗಾವಲಿನಿಂದ ದೊಡ್ಡಿಗೆ ತರಬೇಕಿತ್ತು. ನಾಯಿಯನ್ನೇನೋ ಕಟ್ಟಿ ಹಾಕಿದೆ. ಭಾವನ ಬಾಯಿಯನ್ನು ಕಟ್ಟುವವರು ಯಾರು? ಈಗ ಗುಡುಗುತ್ತಾರೆ, ಮಂದೆ ಚೆದರುತ್ತದೆ, ಮುಗಿಯಿತು ಕಥೆ ಎಂದುಕೊಂಡೆ. ಅವರ ಕುತ್ತಿಗೆಯ ನರ ಉಬ್ಬಿತ್ತು. ಬಾಯಿ ತೆರೆದರು. ಮುಚ್ಚಿದರು. ಸದ್ದಾಗದಿರಲೆಂದು ಚಪ್ಪಲಿ ಕಳಚಿಟ್ಟು ಮಂದೆಯ ಹಿಂದೆ ಬರಿಗಾಲಲ್ಲಿ ನಡೆದರು. ಮುಳ್ಳು ಚುಚ್ಚಿದಾಗಲೂ ಹಲ್ಲು ಕಚ್ಚಿ ಸುಮ್ಮನಿದ್ದರು. ಒಂದು ಕುರಿ ಬೆದರಿ ಕಿವಿ ನಿಮಿರಿಸಿದರೆ ತಾವೂ ನಿಲ್ಲುವರು, ಅದು ಹೆಜ್ಜೆ ಇಟ್ಟ ಮೇಲೆಯೇ ತಾವು ಇಡುವರು. ನಾನೂ ಅಕ್ಕನೂ ಪಕ್ಕದಲ್ಲಿ ಮೆಲ್ಲಗೆ ನಡೆದೆವು.

ಕೊನೆಯ ಕುರಿ ದೊಡ್ಡಿಯೊಳಗೆ ಹೋದದ್ದೇ ತಡ, ಅಕ್ಕ ಕುಸಿದು ಕೂತಳು. "ರೀ, ನಾನೇ ಕೊಂದ್ಬಿಟ್ಟೆ. ಬೇಲಿ ಹಾಕ್ಬಿಡಿ."

"ಹಾಕಿ, ಆ ನೆಲಾನ ಮತ್ತೆ ಕಲ್ಲು ಮಾಡ್ಲಾ?" ಭಾವ ಪಿಸುಗುಟ್ಟಿದರು. "ಇಟ್ಟಿಗೆ ಅಲ್ಲಿಂದ ತೆಗೀತೀನಿ. ಹಸು, ಕರು ಎಲ್ಲಾ ಕೊಟ್ಟಿಗೇಲೇ ನೆಕ್ಕಲಿ."

ಅದನ್ನು ಕೇಳಿ ಅಕ್ಕ ಗೊಳೋ ಎಂದು ಅತ್ತಳು.

"ಶ್! ಬಾಯಿಗೆ ಸೆರಗು ಇಟ್ಕೊಂಡು ಅಳೇ. ಕುರಿ ಬೆದರ್ತವೆ."