ಸರ್ ಹೇಳುತ್ತಿದ್ದ ಬೆಲ್ಲದ ಮನೆ

ಚಿತ್ತವಾಡ್ಗಿಯ ಸರ್ ಮನೆಯ ಹಿತ್ತಲಲ್ಲಿ ಅಡುಗೆಯವರು ಗೋಧಿ ಹುಗ್ಗಿಗೆ ಬೆಲ್ಲ ಕುಟ್ಟುತ್ತಿದ್ದರು. ಹೊಂಬಣ್ಣದ, ಚೆಂದದ ಅಚ್ಚುಗಳು. ಕುಟ್ಟಿದಾಗ ಬೆಂಕಿಕಡ್ಡಿ ಗೀರಿದಂಥ ಸಣ್ಣ ವಾಸನೆ ಬಂತು. ಬೇರೆಯವರಿಗೆ ತಿಳಿಯಲಿಕ್ಕಿಲ್ಲ; ಕಂಪ್ಲಿಯ ಗಾಣದ ಮನೆಯಲ್ಲಿ ಹುಟ್ಟಿದ ನನಗೆ ತಿಳಿಯುತ್ತದೆ. ಬೆಲ್ಲಕ್ಕೆ ಬಣ್ಣ ಬರಲೆಂದು ಕುದಿಯುವ ಕಬ್ಬಿನ ಹಾಲಿಗೆ ಹಾಕುವ ರಾಸಾಯನಿಕ ಪುಡಿಯ ವಾಸನೆ ಅದು. ಅಂದು ನಮ್ಮ ಸರ್ ಅವರ ಶಿವಗಣಾರಾಧನೆ. ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ನನಗೆ ಉಣ್ಣಲು ಕೂರಲಾಗಲಿಲ್ಲ...

ಸರ್ ಹೊಸಪೇಟೆಯ ಕಾಲೇಜಿನಲ್ಲಿ ನಮಗೆ ವ್ಯಾಪಾರ ನೀತಿ ಕಲಿಸುತ್ತಿದ್ದರು. ಪುಸ್ತಕದ ಬದನೆಕಾಯಿ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅದು ಗೊತ್ತಿದ್ದೂ ಸರ್ ನಗುತ್ತಿದ್ದರು. ಫಲ ನೋಡಿ ತೂಗುವ ಸಿದ್ಧಾಂತ ಒಂದು ಕಡೆ, ಫಲ ಏನೇ ಇರಲಿ ಕರ್ತವ್ಯ ಬಿಡಬಾರದೆನ್ನುವ ಸಿದ್ಧಾಂತ ಇನ್ನೊಂದು ಕಡೆ. ಬೋರ್ಡ್ ತುಂಬ ಬರೆದು, ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಕೇಳುತ್ತಿದ್ದರು: "ಅದೆಲ್ಲಾ ಇರ್ಲಿ. ನೀವು ಮಾರೋದನ್ನ ನಿಮ್ಮನಿಯಾಗ ತಿಂತೀರೇನು?"

ಒಂದು ಸಲ ಎಲ್ಲರೂ ತಮ್ಮ ತಮ್ಮ ಮನೆಯ ವ್ಯಾಪಾರದ ಬಗ್ಗೆಯೇ ಬರೆಯಬೇಕೆಂದರು. ಸಂಡೂರಿನ ಅದಿರು ಲಾರಿಯವರ ಮಗ ಬರೀ ಟೈರುಗಳ ಬಗ್ಗೆ ಬರೆದು ಪಾರಾದ. ನಮ್ಮ ಗಾಣದಲ್ಲಿ ಎರಡು ಥರದ ಬೆಲ್ಲ ಆಗುತ್ತಿತ್ತು. ಪೇಟೆಗೆ ಪುಡಿ ಹಾಕಿದ ಹಳದಿ ಬೆಲ್ಲ, ಮನೆಗೆ ಪುಡಿ ಇಲ್ಲದ ಕರಿ ಬೆಲ್ಲ. ಸುತ್ತಲಿನ ಗಾಣದವರೆಲ್ಲ ಹೀಗೆಯೇ, ಮುಚ್ಚಿಡುವ ಮಾತೂ ಅಲ್ಲ. ಆದರೆ ಸರ್ ಮುಂದೆ ನಾಚಿಕೆಯಾಯಿತು. ಕರ್ರಗಿದ್ದರೂ ಸರಿ, ನಾವು ತಿನ್ನುವುದನ್ನೇ ಮಾರುತ್ತೇವೆ ಎಂದು ಬರೆದುಬಿಟ್ಟೆ. ಸಾಲದ್ದಕ್ಕೆ ಅವ್ವ ಕಟ್ಟಿಟ್ಟಿದ್ದ ಮನೆಯ ಬೆಲ್ಲದ ಅಚ್ಚೊಂದನ್ನು ಒಯ್ದು ಕೊಟ್ಟೆ.

ಸರ್ ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಇಷ್ಟ್ ಕರ್ರಗಿರೋದನ್ನ ಪ್ಯಾಟ್ಯಾಗ ಮಾರ್ತೀರೇನವ್ವಾ?"

"ಹೂಂ ಸರ್."

ಅವರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಮೇಲೆ ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.

ಅಂದಿನಿಂದ ನಿವೃತ್ತರಾಗುವವರೆಗೂ ಪ್ರತಿ ವರ್ಷ ತರಗತಿಯಲ್ಲಿ ನಮ್ಮ ಮನೆಯ ಕಥೆ ಹೇಳಿದರಂತೆ. ಸಿಕ್ಕಾಗಲೆಲ್ಲ ನನ್ನನ್ನು "ಬೆಲ್ಲದ ಮನಿ ಹುಡುಗಿ" ಎಂದೇ ಕರೆಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅವರ ಬಿಳಿ ತಲೆ ಕಂಡರೆ ನಾನು ಕಂಬದ ಮರೆಗೆ ಸರಿಯುತ್ತಿದ್ದೆ. ಇದ್ದಾಗ ಹಾಗೆ ತಪ್ಪಿಸಿಕೊಂಡೆ... ಹೋದ ಮೇಲೆ ಕನಸಿನಲ್ಲಿ ಬರುತ್ತಾರೆ. ಬಯ್ಯುವುದಿಲ್ಲ, ಇನ್ನೊಂದು ಚೂರು ಕೊಡು ಎನ್ನುತ್ತಾರೆ.

ಅಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಾಗ ಯುವಕನೊಬ್ಬ, ಕಂಪ್ಲಿಯ ಬೆಲ್ಲದ ಮನಿಯವ್ರು ನೀವೇನ್ರಿ ಎಂದು ಕೇಳಿಕೊಂಡು ಹತ್ತಿರ ಬಂದ. ಸರ್ ಕೊನೆಯದಾಗಿ ಪಾಠ ಮಾಡಿದ ತಂಡದವನು. ಅವನ ಮನೆಯವರದೂ ಗಾಣ.

"ಅಕ್ಕಾ, ನಿಮ್ಮನಿ ಕಥಿ ಕೇಳಿನ ನಾ ಪುಡಿ ಬಿಟ್ಟಿದ್ದು. ಮೂರು ಹಂಗಾಮು ಆತ್ರಿ, ಅಂಗಡಿಯವ್ರು ಮುಟ್ಟವಲ್ರು. ಅಪ್ಪ ನನ್ ಕೂಡ ಮಾತ ಬಿಟ್ಟಾನ. ನೀವು ಹೆಂಗ ತಡಕೊಂಡ್ರಿ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ನಾವು ಪುಡಿ ಬಿಟ್ಟಿಲ್ಲಪ್ಪಾ," ಎಂದೆ. "ಅವತ್ತೂ ಹಾಕ್ತಿದ್ವಿ, ಇವತ್ತು ನಮ್ಮಣ್ಣನೂ ಹಾಕ್ತಾನ. ಸರ್‌ಗೆ ನಾ ಸುಳ್ಳು ಹೇಳಿದ್ದೆ."

ಅವನು ಸಿಟ್ಟಾಗಲಿ ಎಂದು ಕಾದೆ. ಆಗಲಿಲ್ಲ. ಒಳಗೆ ಹಾರ ಹಾಕಿ ಇಟ್ಟಿದ್ದ ಫೋಟೊ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದ.

"ಹಂಗಾದ್ರ ಈಗ ನಾ ಏನ್ ಮಾಡ್ಲಿ ಅಕ್ಕಾ?"

ಇಂಥ ಪ್ರಶ್ನೆ ಹಿಡಿದುಕೊಂಡು ನಾವೆಲ್ಲ ಹೋಗುತ್ತಿದ್ದುದು ಸರ್ ಹತ್ತಿರ. ಈಗ ಅವರಿಲ್ಲ. ಹುಡುಗ ಊಟ ಮಾಡದೆಯೇ ಹೊರಟುಹೋದ. ಇದೆಲ್ಲ ಆಗಿ ತಿಂಗಳಾಯಿತು. ಈ ಹಂಗಾಮಿಗೆ ಅವನ ಗಾಣ ಶುರುವಾಗಿದೆಯಂತೆ. ಪುಡಿ ಹಾಕಿದನೋ ಇಲ್ಲವೋ ಎಂದು ಕೇಳಲು ಫೋನ್ ತೆಗೆದುಕೊಳ್ಳುತ್ತೇನೆ, ಮತ್ತೆ ಕೆಳಗಿಡುತ್ತೇನೆ.